ಅಪ್‌ಡೇಟ್: ಬಡಕಲು ಹೇಂಟೆ ಈಗ ಗುಂಪಿನೊಳಗೆ

ಮೊಟ್ಟೆ ಫಾರಂನ ಪಂಜರದಿಂದ ತಂದ ಹೇಂಟೆ ಮೇವು ಮುಟ್ಟದೆ ಕುಸಿದು ಕೂತಿದೆ, ಅದನ್ನು ನಮ್ಮ ಆರು ನಾಟಿಕೋಳಿಗಳ ಜೊತೆ ಸೇರಿಸುವುದು ಹೇಗೆಂದು ತೀರ್ಥಹಳ್ಳಿ ಕಡೆಯಿಂದ ಮೂರು ವಾರಗಳ ಹಿಂದೆ ಕೇಳಿದ್ದೆ. ಹೇಂಟೆ ಬದುಕಿದೆ, ಎಲ್ಲರಿಗೂ ಕೃತಜ್ಞತೆಗಳು.

ಕೆಲವರು ಕುಡಿಸಲು ಹೇಳಿದ ಬೆಳ್ಳುಳ್ಳಿ ನೀರಿನಿಂದ ಏನೂ ಪ್ರಯೋಜನವಾಗಲಿಲ್ಲ. ಹಿಕ್ಕೆಯನ್ನು ಪರೀಕ್ಷೆ ಮಾಡಿಸಿ ಎಂದವರ ಮಾತೇ ಅದನ್ನು ಉಳಿಸಿತು. ಪಶು ಆಸ್ಪತ್ರೆಯಲ್ಲಿ ರಕ್ತಭೇದಿಯೆಂದು ತಿಳಿದು, ವೈದ್ಯರು ಹೇಳಿದ ಪ್ರಮಾಣದಲ್ಲಿ ಆಂಪ್ರೋಲಿಯಂ ಎಂಬ ಔಷಧಿ ಬೆರೆಸಿದ ನೀರನ್ನು ಐದು ದಿನ ಕುಡಿಸಿದೆವು. ಈ ರೋಗದ ಪರೋಪಜೀವಿ ಒದ್ದೆ ನೆಲದಲ್ಲಿ ಸುಲಭವಾಗಿ ಹರಡುವುದರಿಂದ, ನಮ್ಮ ಮಳೆಗಾಲದಲ್ಲಿ ಭತ್ತದ ಹೊಟ್ಟನ್ನು ದಿನವೂ ಬದಲಿಸಿ ಗೂಡನ್ನು ಒಣಗಿಸಿಡುವುದು ಔಷಧಿಯಷ್ಟೇ ಮುಖ್ಯವಾಯಿತು.

ಕತ್ತಲಾದ ಮೇಲೆ ಗೂಡಿಗೆ ಬಿಡಿ ಎಂಬ ಸಲಹೆ ನಮ್ಮಲ್ಲಿ ಕೈಕೊಟ್ಟಿತು. ಬೆಳಗಾಗುವಷ್ಟರಲ್ಲಿ ಜುಟ್ಟಿನಿಂದ ರಕ್ತ ಸುರಿಯುತ್ತಿತ್ತು, ಆ ನೋಟವನ್ನು ನಾನು ಮರೆಯಲಾರೆ. ಬಳಿಕ ತಂತಿ ಬಲೆಯ ಆಚೆ-ಈಚೆ ಹತ್ತು ದಿನ ಇರಿಸಿ, ಎರಡು ಕಡೆ ಮೇವು, ನೀರು ಇಟ್ಟು, ಅಡಿಕೆ ತೋಟದಲ್ಲಿ ಸಂಜೆ ಒಂದು ಗಂಟೆ ಒಟ್ಟಿಗೆ ಬಿಟ್ಟಾಗ ಜಗಳ ಎರಡು ಕುಕ್ಕಿಗೇ ಮುಗಿಯಿತು.

ಪಂಜರದಲ್ಲಿ ಬೆಳೆದ ಈ ಕೋಳಿಗೆ ಅಡ್ಡಗೋಲಿನ ಮೇಲೆ ಕೂರುವುದೇ ತಿಳಿದಿರಲಿಲ್ಲವೆಂಬುದು ನನಗೆ ಅಚ್ಚರಿ ತಂದಿತು. ಅರ್ಧ ಅಡಿ ಎತ್ತರದಲ್ಲಿ ಬಿದಿರು ಕಟ್ಟಿ ಪ್ರತಿ ಸಂಜೆ ಕೂರಿಸಿದೆವು. ನಿನ್ನೆ ತಾನಾಗಿಯೇ ಹತ್ತಿತು. ಬಿಳಿಚಿದ್ದ ಜುಟ್ಟೂ ಕೆಂಪೇರುತ್ತಿದೆ.