ಸಹಾಯ ಬೇಕು: ಕೆರೆ ನೀರಲ್ಲಿ ಆಮ್ಲಜನಕ ಬೆಳಗ್ಗೆ 2, ಮಧ್ಯಾಹ್ನ 13?

ಎಲ್ಲರಿಗೂ ನಮಸ್ಕಾರ. ಎಂಎಸ್ಸಿ ಪ್ರಾಜೆಕ್ಟಿಗೆ ಬೆಂಗಳೂರಿನ ಹತ್ತಿರದ ಒಂದು ಕೆರೇಲಿ ಕರಗಿದ ಆಮ್ಲಜನಕ ಅಳೀತಿದ್ದೀನಿ, ವಿಂಕ್ಲರ್ ವಿಧಾನದಲ್ಲಿ (ಬಾಟಲಿ ನೀರಿನ ಆಮ್ಲಜನಕವನ್ನ ರಾಸಾಯನಿಕ ಹಾಕಿ ಹಿಡಿದಿಟ್ಟು, ಆಮೇಲೆ ಟೈಟ್ರೇಶನ್ ಮಾಡಿ ಅಳೆಯೋದು). ಬೆಳಗ್ಗೆ 6ಕ್ಕೆ ಲೀಟರಿಗೆ 2.1 ಮಿಲಿಗ್ರಾಂ. ಅದೇ ಜಾಗ, ಮಧ್ಯಾಹ್ನ 2ಕ್ಕೆ 13.4! 25 ಡಿಗ್ರಿ ನೀರಿಗೆ, ನಮ್ಮ ಎತ್ತರದಲ್ಲಿ, ಗಾಳಿಯಿಂದ ಕರಗೋದೇ ಸುಮಾರು 7.4 ಅಲ್ವಾ?

ನೀರು ಪಾಲಕ್ ಸಾರಿನ ಹಾಗೆ ಹಸಿರು. ಪಿಎಚ್ ಕೂಡ 7.6ರಿಂದ 9.2ಕ್ಕೆ ಏರುತ್ತೆ. ಪಾಚಿ ಬಿಸಿಲಲ್ಲಿ ಇಂಗಾಲದ ಡೈಆಕ್ಸೈಡ್ ಎಳ್ಕೊಂಡು ಆಮ್ಲಜನಕ ಬಿಡುತ್ತೆ ಅನ್ನೋವರೆಗೆ ಅರ್ಥ ಆಯ್ತು. ಆದ್ರೆ ಗೈಡ್ ಮೇಡಂ "ಬಾಟಲಿಗೆ ಗಾಳಿ ಸೇರಿದೆ, ಮತ್ತೆ ಮಾಡು" ಅಂತಾರೆ. ಮತ್ತೆ ಮಾಡಿ ಮಾಡಿ ಸಾಕಾಯ್ತು. ಟೈಟ್ರೇಶನ್ನಿನ ಥಯೋಸಲ್ಫೇಟ್ ದ್ರಾವಣ ಹೊಸದಾಗಿ ಮಾಡಿ, ಅದರ ಸಾಂದ್ರತೆ ಸರಿಯಿದೆಯಾ ಅಂತ ಡೈಕ್ರೋಮೇಟಿಗೆ ತಾಳೆ ನೋಡಿದೆ. ನೀರಿನ ನೈಟ್ರೈಟ್ ಅಂಕಿ ಕೆಡಿಸೋದು ಬೇಡ ಅಂತ ಅಜೈಡ್ ಹಾಕ್ತೀನಿ. ಆಮ್ಲಜನಕ ಹಿಡಿದಿಡೋ ಮ್ಯಾಂಗನೀಸ್ ಸಲ್ಫೇಟ್, ಕ್ಷಾರ ಎರಡನ್ನೂ ದಡದಲ್ಲೇ ಹಾಕ್ತೀನಿ. ಮೂರು ದಿನವೂ ಅದೇ ಕಥೆ.

ಸಿಕ್ಕಿಹಾಕ್ಕೊಂಡಿರೋದು ಇಲ್ಲಿ: ಮಧ್ಯಾಹ್ನದ ಬಾಟಲಿಗಳಲ್ಲಿ ಮಾತ್ರ, ಮುಚ್ಚಳದ ಕೆಳಗೆ ಸಾಸಿವೆಯಷ್ಟು ಗುಳ್ಳೆ ಕಾಣಿಸುತ್ತೆ. ಬೆಳಗಿನದರಲ್ಲಿ ಒಂದೂ ಇಲ್ಲ.

ಇದು ಹೊರಗಿನ ಗಾಳಿಯೋ (ಹಾಗಿದ್ರೆ ನನ್ನ 13.4 ಜಾಸ್ತಿ), ಇಲ್ಲಾ ನೀರಿನಿಂದಲೇ ಹೊರಬಂದ ಆಮ್ಲಜನಕವೋ (ಹಾಗಿದ್ರೆ ನಿಜವಾದ ಅಂಕಿ ಇನ್ನೂ ಮೇಲೆ)? ಎರಡನ್ನೂ ಬೇರೆ ಮಾಡಿ ತೋರಿಸೋಕೆ ಯಾವ ಪರೀಕ್ಷೆ ಮಾಡಲಿ?