ಅಪ್‌ಡೇಟ್: ಸ್ವೆಟರ್ ಹೆಣಿಗೆ, ಸೀರೆ ಫಾಲ್ ಎರಡೂ ಸಾಗ್ತಿವೆ
ಮನೆಗೆಲಸದ ನಡುವೆ ಸಿಗುವ ಹತ್ತು-ಹದಿನೈದು ನಿಮಿಷದಲ್ಲಿ ಮಗುವಿನ ಸ್ವೆಟರ್, ಸೀರೆ ಫಾಲ್ ಎರಡನ್ನೂ ನಿಭಾಯಿಸೋದು ಹೇಗೆ ಅಂತ ಕೇಳಿದ್ದೆ. ನಿಮ್ಮ ಸಲಹೆಗಳಲ್ಲಿ ಕೆಲಸಕ್ಕೆ ಬಂದದ್ದು ಇಷ್ಟು.

ಹೆಣಿಗೆಯನ್ನು ಸಾಲಿನ ಮಧ್ಯೆ ಬಿಡಬಾರದು. ಬಿಡಲೇಬೇಕಾದರೆ, ಮತ್ತೆ ಹಿಡಿಯುವಾಗ ಉಂಡೆಯಿಂದ ಬರುವ ಎಳೆ ಬಲಗೈ ಕಡ್ಡಿಯಲ್ಲಿದೆಯಾ ನೋಡಿಕೊಳ್ಳಿ. ಕಡ್ಡಿ ಅದಲುಬದಲಾದರೆ ಸಾಲು ಅರ್ಧಕ್ಕೇ ತಿರುಗಿ ಅಲ್ಲೊಂದು ತೂತು ಬೀಳುತ್ತೆ. ತುದಿಗೆ ರಬ್ಬರ್ ಬ್ಯಾಂಡ್ ಸುತ್ತಿಟ್ಟರೆ ಹೆಣಿಗೆ ಜಾರಲ್ಲ (ಮಕ್ಕಳು ಕಡ್ಡಿಯನ್ನೇ ಎಳೆದರೆ ದೇವರೇ ಗತಿ).

ಕಾಟನ್ ಫಾಲನ್ನು ಹಿಂದಿನ ರಾತ್ರಿಯೇ ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿಡಬೇಕು. ಹಾಗೇ ಹಚ್ಚಿದರೆ ಮೊದಲ ಒಗೆತಕ್ಕೇ ಕುಗ್ಗಿ ಸೀರೆ ಅಂಚು ಮುದುರುತ್ತೆ. ಉದ್ದಕ್ಕೂ ಪಿನ್ ಮಾಡಿಟ್ಟರೆ ಹೊಲಿಗೆಯನ್ನು ಎಲ್ಲಿ ಬೇಕಾದರೂ ನಿಲ್ಲಿಸಬಹುದು. ರೇಷ್ಮೆಗೆ ಮಾತ್ರ ಪಿನ್ ಬೇಡ, ತೂತು ಉಳಿಯುತ್ತೆ. ಪಿನ್ ಬದಲು ಸಣ್ಣ ಸೂಜಿಯಲ್ಲಿ ಕಚ್ಚಾ ಹೊಲಿಗೆ (ಆಮೇಲೆ ಬಿಚ್ಚಿಬಿಡುವ ಸಡಿಲ ಹೊಲಿಗೆ) ಸಾಕು.