ನಾಣ್ಯ ಮೇಳದಲ್ಲಿ ಒಬ್ಬಳೇ ಟೇಬಲ್ ನೋಡಿಕೊಳ್ಳಬೇಕು, ಕಳವು ಆಗದ ಹಾಗೆ ಏನು ಮಾಡಲಿ?

ಪ್ರಶ್ನೆ: ನಮಸ್ಕಾರ ಸರ್. ನಮ್ಮದು ದಾವಣಗೆರೆ. ಅಪ್ಪ ಹಳೆ ನಾಣ್ಯದ ವ್ಯಾಪಾರಿ, ಪರವಾನಗಿ ಇದೆ. ಈಗ ಅವರಿಗೆ ಮಂಡಿ ಆಪರೇಷನ್ ಆಗಿದೆ. ಮುಂದಿನ ತಿಂಗಳು ಬೆಂಗಳೂರಿನ ಮೇಳದಲ್ಲಿ ಅವರ ಬದಲು ನಾನು ಕೂರುತ್ತೇನೆ. ಕಂಠೀರಾಯಿ ಹಣ (ಮೈಸೂರು ಒಡೆಯರ ಕಾಲದ ಪುಟ್ಟ ಚಿನ್ನದ ನಾಣ್ಯ) ಹದಿನೈದು, ವಿಜಯನಗರದ ಚಿನ್ನದ ಅರ್ಧ ವರಾಹ ಎರಡು, ಟಿಪ್ಪುವಿನ ಆನೆ ಚಿತ್ರದ ತಾಮ್ರದ ಕಾಸು ಒಂದಷ್ಟು ಇವೆ. ಹಾಲ್‌ನಲ್ಲಿ ಸಿಸಿ ಕ್ಯಾಮೆರಾ ಇರುತ್ತದಂತೆ. ಅಷ್ಟು ಸಾಕಾ?

ಉತ್ತರ: ಸಾಲದಮ್ಮ. ಕಂಠೀರಾಯಿ ಹಣ ಬೇಳೆಕಾಳಿನಷ್ಟು ಚಿಕ್ಕದು, ಅರ್ಧ ಗ್ರಾಮ್ ಕೂಡ ತೂಗುವುದಿಲ್ಲ. ಬೆರಳಿಗೆ ಅಂಟಿಸಿಕೊಂಡು ಹೋದರೆ ಯಾವ ಕ್ಯಾಮೆರಾಗೂ ಕಾಣುವುದಿಲ್ಲ. ಹಾಗಾಗಿ ಬಿಡಿಯಾಗಿ ಹರಡಲೇಬೇಡಿ. ಒಂದೊಂದನ್ನೂ ಹೋಲ್ಡರ್‌ನಲ್ಲಿ ಹಾಕಿ, ನಂಬರ್ ಬರೆದು, ಬೀಗ ಇರುವ ಗಾಜಿನ ಪೆಟ್ಟಿಗೆಯಲ್ಲಿಡಿ. ಕೀಲಿ ಕುತ್ತಿಗೆಯಲ್ಲೇ ಇರಲಿ.

ಒಂದು ಸಲ ನನಗೇ ಆದದ್ದು ಹೇಳುತ್ತೇನೆ. ಇಬ್ಬರು ಬಂದರು. ಒಬ್ಬ ಟೇಬಲಿನ ಆ ತುದಿಯ ಆಲ್ಬಮ್ ಕೇಳಿದ. ನಾನು ಬಗ್ಗಿ ಎತ್ತಿಕೊಡುವಷ್ಟರಲ್ಲಿ ಇನ್ನೊಬ್ಬ ಟ್ರೇಯಿಂದ ಒಂದು ಅರ್ಧ ವರಾಹ ಎತ್ತಿದ್ದ. ಗೊತ್ತಾಗಿದ್ದು ಸಂಜೆ ಲೆಕ್ಕ ಹಾಕುವಾಗ. ಅವತ್ತು ರಾತ್ರಿ ಊಟ ಸೇರಲಿಲ್ಲ. ಟ್ರೇಯಲ್ಲಿ ಮಾರಿ ಹೋದ ನಾಣ್ಯಗಳ ಖಾಲಿ ಗುಳಿಗಳೂ ಇದ್ದವು, ಹಾಗಾಗಿ ಇದೊಂದು ಗುಳಿ ಖಾಲಿಯಾದದ್ದು ಕಣ್ಣಿಗೆ ಬೀಳಲೇ ಇಲ್ಲ. ಈಗ ಮಾರಿದ ಕೂಡಲೇ ಆ ಗುಳಿಗೆ ಕೆಂಪು ಚೀಟಿ ಹಾಕುತ್ತೇನೆ. ಚೀಟಿಯಿಲ್ಲದ ಖಾಲಿ ಗುಳಿ ಕಂಡರೆ ಆ ಕ್ಷಣವೇ ಗೊತ್ತಾಗುತ್ತದೆ.

ಒಬ್ಬರಿಗೆ ಒಂದು ಸಲಕ್ಕೆ ಒಂದೇ ನಾಣ್ಯ ಕೊಡಿ. ಅದು ವಾಪಸ್ ಬಂದು, ನಂಬರ್ ನೋಡಿ, ಪೆಟ್ಟಿಗೆ ಸೇರಿದ ಮೇಲೆ ಮುಂದಿನದು. ಎರಡು ನಾಣ್ಯ ಪಕ್ಕಪಕ್ಕ ಇಟ್ಟು ನೋಡಬೇಕು ಅಂದರೂ ಮಣಿಯಬೇಡಿ. ಒಳ್ಳೆ ಗಿರಾಕಿ ಇದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ.

ಆದರೆ ನನಗೆ ಜಾಸ್ತಿ ಭಯ ಇರುವುದು ಬೆಳಿಗ್ಗೆ ಟೇಬಲ್ ಜೋಡಿಸುವ ಹೊತ್ತು, ಸಂಜೆ ಕಟ್ಟುವ ಹೊತ್ತು. ಪೆಟ್ಟಿಗೆ ತೆರೆದಿರುತ್ತದೆ, ಚೀಲ ನೆಲದ ಮೇಲಿರುತ್ತದೆ, ಗಮನ ಎಲ್ಲೋ. ಆ ಎರಡು ಹೊತ್ತಿಗಾದರೂ ಯಾರನ್ನಾದರೂ ಜೊತೆಗೆ ಕರೆದುಕೊಳ್ಳಿ, ಕಾಲೇಜಿಗೆ ಹೋಗುವ ತಮ್ಮ ಆದರೂ ಸಾಕು. ಬೆಲೆಬಾಳುವುದನ್ನು ಕೊನೆಯಲ್ಲಿ ಹೊರಗೆ ತೆಗೆಯಿರಿ, ಮೊದಲು ಒಳಗಿಡಿ.

ಪ್ರಶ್ನೆ: ತಮ್ಮನನ್ನೇ ಕರೆತರುತ್ತೇನೆ ಸರ್. ರಾತ್ರಿ ರೈಲಿಗೆ ವಾಪಸ್ ಹೊರಡಬೇಕು. ಅಕಸ್ಮಾತ್ ಕಳವಾದರೆ ದೂರು ಎಲ್ಲಿ ಕೊಡುವುದು?

ಉತ್ತರ: ಸಾಧ್ಯವಾದರೆ ರಾತ್ರಿ ಪ್ರಯಾಣ ಬಿಡಿ. ಮೇಳದಲ್ಲಿ ನಿಮ್ಮ ಹತ್ತಿರ ಏನಿದೆ ಅಂತ ನೋಡಿದವರು ಹೊರಗೆ ಕಾಯಬಹುದು. ಹೋಗಲೇಬೇಕಾದರೆ ನಾಣ್ಯಗಳು ಹಳೆ ಬಟ್ಟೆ ಚೀಲದಲ್ಲಿ ಮಡಿಲಲ್ಲೇ ಇರಲಿ, ಸೀಟಿನ ಕೆಳಗೆ ಬೇಡ. ಹಾಲ್‌ನಿಂದ ನೇರ ಸ್ಟೇಷನ್‌ಗೆ ಹೋಗಿ. ದಾರಿಯಲ್ಲಿ ಹೋಟೆಲಿಗೆ ಇಳಿಯಬೇಡಿ. ಮೇಳದ ಬ್ಯಾಡ್ಜ್ ಒಳಗೇ ಬಿಚ್ಚಿಡಿ.

ದೂರು ಯಾವ ಪೊಲೀಸ್ ಠಾಣೆಯಲ್ಲಾದರೂ ಕೊಡಬಹುದು. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಕಾನೂನಿನಲ್ಲಿ, ಘಟನೆ ಬೇರೆ ಠಾಣೆಯ ವ್ಯಾಪ್ತಿಯಲ್ಲಿ ನಡೆದಿದ್ದರೂ ದೂರು ತೆಗೆದುಕೊಳ್ಳಬೇಕು. ಆನ್‌ಲೈನ್‌ನಲ್ಲಿ ಕೊಟ್ಟರೆ ಮೂರು ದಿನದೊಳಗೆ ಹೋಗಿ ಸಹಿ ಹಾಕಬೇಕು. ಆದರೆ "ಒಂದು ಚಿನ್ನದ ಹಣ ಹೋಯಿತು" ಅಂತ ಬರೆದರೆ ಯಾರು ಹೇಗೆ ಹುಡುಕುತ್ತಾರೆ? ಒಂದರಂತೆ ಇನ್ನೊಂದು ಕಾಣುತ್ತದೆ ಅಲ್ವಾ. ಅದಕ್ಕೇ ಹೊರಡುವ ಮುಂಚೆ ಪ್ರತಿ ನಾಣ್ಯದ ಎರಡೂ ಬದಿಯ ಫೋಟೋ ತೆಗೆಯಿರಿ. ತೂಕ ಎರಡು ದಶಾಂಶದವರೆಗೆ ಬರೆಯಿರಿ. ಅಂಚಿನ ಸೀಳು, ಮಧ್ಯದಿಂದ ಸರಿದ ಅಚ್ಚು, ಗೀರು, ಇವು ಅದೇ ನಾಣ್ಯಕ್ಕೆ ಮಾತ್ರ ಇರುವ ಗುರುತು, ಅದನ್ನೂ ಸೇರಿಸಿ. ಒಂದು ಪ್ರತಿ ಅಪ್ಪನ ಫೋನಿಗೆ ಕಳಿಸಿಡಿ. ಕಳವಾದರೆ ಅದೇ ಫೋಟೋವನ್ನು ಆ ಗಂಟೆಯೇ ಹಾಲ್‌ನ ಎಲ್ಲ ವ್ಯಾಪಾರಿಗಳಿಗೂ ಹಂಚಿ. ಕಳ್ಳ ಅದನ್ನು ಕೆಲವೊಮ್ಮೆ ಎರಡು ಟೇಬಲ್ ಆಚೆಯೇ ಮಾರಲು ನೋಡುತ್ತಾನೆ.